ಮಡಚುವ ಚಾಕು: ಕಸಿ ಕಟ್ಟುವವಳ ಲೆಕ್ಕಾಚಾರ

ಸಾಗರದ ಹತ್ತಿರ ನನ್ನದೊಂದು ಸಣ್ಣ ನರ್ಸರಿ ಇದೆ. ಅಪ್ಪೆಮಿಡಿ, ಹಲಸು, ಕಾಳುಮೆಣಸಿನ ಕಸಿ ಗಿಡಗಳನ್ನು ಮಾಡಿ ಮಾರುತ್ತೇನೆ. ಗಿಡ ಒಯ್ಯಲು ಬಂದವರು ನನ್ನ ಕೈಯಲ್ಲಿರುವ ಚಾಕು ನೋಡಿ, "ಇದು ಯಾವ ಉಕ್ಕು?" ಎಂದು ಕೇಳುವುದು ಈಚೆಗೆ ಹೆಚ್ಚಾಗಿದೆ. ಡಿ2, 14ಸಿ28ಎನ್, ಎಸ್30ವಿ ಎಂಬ ಹೆಸರುಗಳನ್ನು ಮೊಬೈಲಿನಲ್ಲಿ ಓದಿ ತಲೆ ಕೆಡಿಸಿಕೊಂಡು ಬಂದಿರುತ್ತಾರೆ. ನಾನು ತಿರುಗಿ ಕೇಳುತ್ತೇನೆ: ದಿನವೂ ಏನನ್ನು ಕೊಯ್ಯುತ್ತೀರಿ? ಮನೆಯಲ್ಲಿ ಮಸೆಯಲು ಯಾವ ಕಲ್ಲಿದೆ? ಇವೆರಡು ಗೊತ್ತಾದರೆ ಯಾವ ಉಕ್ಕು ಎನ್ನುವುದು ಬಹುಮಟ್ಟಿಗೆ ತಾನೇ ತೀರ್ಮಾನವಾಗುತ್ತದೆ.

ಉಕ್ಕಿಗೂ ಮೊದಲು ಅಲಗಿನ ದಪ್ಪ ನೋಡಿ. ಫ್ರಾನ್ಸಿನ ಸವಾಯ್ ಪ್ರಾಂತದಲ್ಲಿ 1890ರಲ್ಲಿ ಹುಟ್ಟಿದ ಓಪಿನೆಲ್ ಚಾಕುಗಳಲ್ಲಿ 8ನೇ ನಂಬರಿನದು ಹೆಚ್ಚು ಜನಪ್ರಿಯ. ಅದರ ಅಲಗು 8.5 ಸೆಂ.ಮೀ. ಉದ್ದ, ಬೆನ್ನಿನ ಕಡೆಯೂ ದಪ್ಪ 2 ಮಿ.ಮೀ. ಮುಟ್ಟುವುದಿಲ್ಲ. ಸಿಪಾಯಿಗಳ ಚಾಕುವಿನಂತೆ ಕಾಣಲೆಂದೇ ಮಾಡಿದ ಎಷ್ಟೋ ಚಾಕುಗಳ ಬೆನ್ನು 3ರಿಂದ 4 ಮಿ.ಮೀ. ಇರುತ್ತದೆ. ಅಂಥದ್ದರಿಂದ ಸೇಬು ಕೊಯ್ಯಲು ಹೋದರೆ ಅರ್ಧ ದಾರಿಯಲ್ಲೇ ಅದು ಪಟ್ಟನೆ ಸೀಳುತ್ತದೆ. ಕಸಿ ಕಡ್ಡಿಯ ವಿಷಯದಲ್ಲಿ ಇದು ಇನ್ನೂ ಮುಖ್ಯ. ತೊಗಟೆಯ ಕೆಳಗಿರುವ ತೆಳು ಹಸಿರು ಪದರ ಜಜ್ಜಿಹೋಗದೆ ಒಂದೇ ಎಳೆತಕ್ಕೆ ನುಣ್ಣಗೆ ಕತ್ತರಿಸಬೇಕು; ಜಜ್ಜಿದರೆ ಕಸಿ ಕೂಡಿಕೊಳ್ಳುವುದಿಲ್ಲ. ದಪ್ಪ ಅಲಗಿನ ದುಬಾರಿ ಉಕ್ಕಿಗಿಂತ ತೆಳು ಅಲಗಿನ ಸಾಧಾರಣ ಉಕ್ಕನ್ನೇ ನಾನು ಆರಿಸುತ್ತೇನೆ.

ಇನ್ನು ಉಕ್ಕು. ಇಂಗಾಲ ಗಡಸುತನ ಕೊಡುತ್ತದೆ, ಕ್ರೋಮಿಯಂ ತುಕ್ಕನ್ನು ತಡೆಯುತ್ತದೆ. ಕ್ರೋಮಿಯಂ ಶೇಕಡಾ 10.5ಕ್ಕಿಂತ ಹೆಚ್ಚಿದ್ದರೆ ಅದನ್ನು ಸ್ಟೇನ್‌ಲೆಸ್ ಎನ್ನುತ್ತಾರೆ. ಆದರೆ ಅಲಗಿನ ಮೇಲೆ 'ಸ್ಟೇನ್‌ಲೆಸ್' ಎಂದಷ್ಟೇ ಕೆತ್ತಿದ್ದರೆ ನಂಬಬೇಡಿ. ನಿಮ್ಮ ಮನೆಯ ಚಮಚವೂ ಸ್ಟೇನ್‌ಲೆಸ್ಸೇ. ಅದರಲ್ಲಿ ಇಂಗಾಲ ಇಲ್ಲವೆನ್ನುವಷ್ಟು ಕಡಿಮೆ. ಕಾಯಿಸಿ ನೀರಿಗೆ ಅದ್ದಿದರೂ ಅದು ಹದ ಹಿಡಿಯುವುದಿಲ್ಲ. ಉಕ್ಕಿನ ಪೂರ್ತಿ ಹೆಸರು ಹೇಳದ ಚಾಕುವನ್ನು ಕೊಳ್ಳದಿರುವುದೇ ಒಳ್ಳೆಯದು.

1095ರಂಥ ಸಾದಾ ಇಂಗಾಲದ ಉಕ್ಕು ನನಗೆ ಬಹಳ ಪ್ರೀತಿಯದು. ಕಲ್ಲಿನ ಮೇಲೆ ನಾಲ್ಕು ಸಲ ಎಳೆದರೆ ಹರಿತವಾಗುತ್ತದೆ. ಆದರೆ ಮಲೆನಾಡಿನ ಮಳೆಗಾಲಕ್ಕೆ ಅದು ಒಗ್ಗುವುದಿಲ್ಲ. ಅಪ್ಪೆಮಿಡಿಯ ಸೊನೆ, ಲಿಂಬೆರಸ, ಹಸಿ ಅಡಿಕೆಯ ಚೊಗರು ತಾಗಿದರೆ ನೋಡನೋಡುತ್ತಲೇ ಅಲಗು ಕಪ್ಪಾಗುತ್ತದೆ. ಚೊಗರಿನಲ್ಲಿರುವ ಟ್ಯಾನಿನ್ ಕಬ್ಬಿಣದ ಜೊತೆ ಸೇರಿದಾಗ ಬರುವ ಬಣ್ಣ ಅದು. ಆ ಕಪ್ಪಿನಿಂದ ತೊಂದರೆಯೇನಿಲ್ಲ. ಕೆಂಪು ತುಕ್ಕು ಮಾತ್ರ ಅಂಚನ್ನೇ ತಿನ್ನುತ್ತದೆ. ಕೊಯ್ದ ಕೂಡಲೇ ಒರೆಸುವ ಅಭ್ಯಾಸ ಇರುವವರು ಮಾತ್ರ ಇದನ್ನು ಕೊಳ್ಳಿ.

ಡಿ2 ಈಗ ಕಡಿಮೆ ಬೆಲೆಗೂ ಸಿಗುತ್ತಿದೆ. ಅದರಲ್ಲಿ ಶೇಕಡಾ ಸುಮಾರು 1.5ರಷ್ಟು ಇಂಗಾಲ, 12ರಷ್ಟು ಕ್ರೋಮಿಯಂ ಇದೆ. ಲೆಕ್ಕ ನೋಡಿದರೆ ತುಕ್ಕು ಹಿಡಿಯಬಾರದು, ಆದರೆ ಹಿಡಿಯುತ್ತದೆ. ಕ್ರೋಮಿಯಂನ ದೊಡ್ಡ ಪಾಲು ಇಂಗಾಲದ ಜೊತೆ ಕೂಡಿ ಗಟ್ಟಿ ಕಣಗಳಾಗಿ ಬಿಡುವುದರಿಂದ ತುಕ್ಕು ತಡೆಯಲು ಉಳಿಯುವುದು ಸ್ವಲ್ಪವೇ. ಆ ಗಟ್ಟಿ ಕಣಗಳಿಂದಾಗಿಯೇ ಡಿ2 ಬೇಗ ಮೊಂಡಾಗುವುದಿಲ್ಲ. ರಟ್ಟಿನ ಪೆಟ್ಟಿಗೆ, ಗೋಣಿಯ ಹುರಿ, ಹನಿ ನೀರಾವರಿಯ ಪೈಪು ಇವನ್ನೇ ಕೊಯ್ಯುವ ಬಯಲುಸೀಮೆಯವರಿಗೆ ಇದು ಒಳ್ಳೆಯ ಉಕ್ಕು.

ಹೆಚ್ಚಿನವರಿಗೆ ನಾನು ಹೇಳುವುದು ಸ್ವೀಡನ್ನಿನ 12ಸಿ27 ಅಥವಾ 14ಸಿ28ಎನ್. ಎರಡರಲ್ಲೂ ಇಂಗಾಲ 0.6ರ ಆಸುಪಾಸು, ಕ್ರೋಮಿಯಂ 14ರ ಆಸುಪಾಸು. ಎರಡನೆಯದರಲ್ಲಿ ತುಸು ಸಾರಜನಕವೂ ಇರುವುದರಿಂದ ತುಕ್ಕನ್ನು ಇನ್ನೂ ಚೆನ್ನಾಗಿ ತಡೆಯುತ್ತದೆ. ಗಟ್ಟಿ ಕಣಗಳು ತೀರ ಸಣ್ಣವಾಗಿರುವುದರಿಂದ ಸಾಮಾನ್ಯ ಕಲ್ಲಿಗೇ ಹರಿತ ಬರುತ್ತದೆ. ಸ್ವಿಟ್ಜರ್‌ಲೆಂಡಿನ ವಿಕ್ಟೋರಿನಾಕ್ಸ್ ಅಲಗು ಇವಕ್ಕಿಂತ ಕೊಂಚ ಮೆದು, ಗಡಸುತನದ ರಾಕ್‌ವೆಲ್ ಅಳತೆಯಲ್ಲಿ 56ರ ಹತ್ತಿರ. ಅದನ್ನು ಆಗಾಗ ಮಸೆಯಬೇಕು, ಆದರೆ ಸುಲಭಕ್ಕೆ ಮುಕ್ಕಾಗುವುದಿಲ್ಲ. ಎಸ್30ವಿಯಲ್ಲಿ 4ರಷ್ಟು ವೆನೇಡಿಯಂ ಇದೆ. ಅದರ ಕಣಗಳು ಮಾಮೂಲಿ ಸಾಣೆಕಲ್ಲಿನ ಕಣಗಳಿಗಿಂತಲೂ ಗಟ್ಟಿ. ವಜ್ರದ ಪುಡಿ ಅಂಟಿಸಿದ ಮಸೆಗಲ್ಲು ಇಲ್ಲದವರು ಅದನ್ನು ಕೊಂಡು ಕೊನೆಗೆ ಮೊಂಡು ಚಾಕುವನ್ನೇ ಹೊತ್ತು ತಿರುಗುತ್ತಾರೆ. ಕರಾವಳಿಯಲ್ಲಿ ಉಪ್ಪುನೀರಿನ ಕೆಲಸ ಇರುವವರು ಎಲ್‌ಸಿ200ಎನ್ ಎಂಬ ಉಕ್ಕನ್ನು ಹುಡುಕಬಹುದು.

ಬಿಚ್ಚಿದ ಅಲಗು ಮಡಚದಂತೆ ತಡೆಯುವ ಬೀಗದ ಬಗ್ಗೆ ಒಂದೇ ಮಾತು. ಬರಿ ಸ್ಪ್ರಿಂಗಿನ ಬಿಗಿಯಲ್ಲಿ ನಿಲ್ಲುವ ಚಾಕುವಿನಿಂದ ತುದಿಯೂರಿ ಚುಚ್ಚುವ ಕೆಲಸ ಮಾಡಬೇಡಿ, ಅಲಗು ಮಡಚಿ ಬೆರಳಿನ ಮೇಲೆ ಬೀಳುತ್ತದೆ. ಅಂಥ ಕೆಲಸ ಇದ್ದವರು ಉಂಗುರ ತಿರುಗಿಸಿ ಬಿಗಿಮಾಡುವಂಥದ್ದನ್ನೋ, ಹಿಡಿಯೊಳಗಿನ ತಗಡು ಅಲಗಿಗೆ ಅಡ್ಡ ಬರುವಂಥದ್ದನ್ನೋ ಕೊಳ್ಳಲಿ. ಓಪಿನೆಲ್‌ನಂಥ ಬರಿ ಮರದ ಹಿಡಿ ಜಡಿಮಳೆಯಲ್ಲಿ ಉಬ್ಬಿ ಅಲಗನ್ನು ಬಿಗಿಯುತ್ತದೆ. ಎರಡು ದಿನ ನೆರಳಲ್ಲಿ ಒಣಗಿಸಿದರೆ ಸಡಿಲವಾಗುತ್ತದೆ. ವಿಮಾನದಲ್ಲಿ ಹೋಗುವಾಗ ಚಾಕು ಕೈಚೀಲದಲ್ಲಿ ಇರಕೂಡದು, ಲಗೇಜಿಗೆ ಹಾಕಿ.

ಮಸೆಯುವುದನ್ನು ಕಲಿಯದೆ ಚಾಕು ಕೊಳ್ಳಬೇಡಿ ಎಂದು ನಾನು ಕಟುವಾಗಿಯೇ ಹೇಳುತ್ತೇನೆ. 1000 ನಂಬರಿನ ಕಲ್ಲೊಂದು ಸಾಕು. ಕಲ್ಲನ್ನು ನೀರಿನಲ್ಲಿ ನೆನೆಸಿ, ಜಾರದಂತೆ ಒದ್ದೆ ಬಟ್ಟೆಯ ಮೇಲೆ ಇಡಿ. ಅಲಗು 2 ಸೆಂ.ಮೀ. ಅಗಲವಿದ್ದರೆ ಅದರ ಬೆನ್ನನ್ನು ಕಲ್ಲಿನಿಂದ 6-7 ಮಿ.ಮೀ. ಎತ್ತಿ ಹಿಡಿಯಿರಿ, ಸುಮಾರು 20 ಡಿಗ್ರಿ ಕೋನ ಸಿಗುತ್ತದೆ. ಆ ಎತ್ತರ ಬದಲಾಗದಂತೆ ಒಂದೇ ಬದಿಯನ್ನು ಮಸೆಯುತ್ತಾ ಹೋಗಿ. ಎದುರು ಬದಿಯ ಅಂಚಿನ ಉದ್ದಕ್ಕೂ, ಹಿಡಿಯ ಬುಡದಿಂದ ತುದಿಯವರೆಗೆ, ಬೆರಳಿಗೆ ಸಣ್ಣ ತರಿ ತಾಗಬೇಕು. ತಾಗುವವರೆಗೂ ಬದಿ ಬದಲಿಸಬೇಡಿ. ಬೆರಳನ್ನು ಅಂಚಿನ ಗುಂಟ ಓಡಿಸದೆ ಬೆನ್ನಿನಿಂದ ಅಂಚಿನ ಆಚೆಗೆ ಸವರಿ ನೋಡಿ. ಆಮೇಲೆ ಇನ್ನೊಂದು ಬದಿ. ಕೊನೆಗೆ ಭಾರ ಹಾಕದೆ ಒಂದೊಂದು ಬದಿಗೆ ಒಂದೊಂದು ಎಳೆತ ಕೊಟ್ಟು, ಹಳೆಯ ಚರ್ಮದ ಬೆಲ್ಟಿನ ಒಳಮೈ ಮೇಲೆ ಅಂಚು ಹಿಂದಾಗುವಂತೆ ಎಳೆದರೆ ತರಿ ಉದುರುತ್ತದೆ. ಮಾಗಿದ ಟೊಮೆಟೊ ಮೇಲೆ ಅಲಗಿಟ್ಟು ಒತ್ತದೆ ಎಳೆಯಿರಿ. ಸಿಪ್ಪೆ ಬಿಟ್ಟುಕೊಟ್ಟರೆ ಕೆಲಸ ಮುಗಿದಂತೆ. ಕಸಿಗೆಂದೇ ಮಾಡಿದ ಚಾಕುವಿಗೆ ಹಲವು ಸಲ ಒಂದೇ ಬದಿಯಲ್ಲಿ ಇಳಿಜಾರು ಇರುತ್ತದೆ. ಅಂಥದ್ದರ ಚಪ್ಪಟೆ ಬದಿಯನ್ನು ಕಲ್ಲಿಗೆ ಪೂರ್ತಿ ಮಲಗಿಸಿ ತರಿ ತೆಗೆಯಬೇಕೇ ಹೊರತು ಎತ್ತಿ ಮಸೆಯಬಾರದು. ಎಡಗೈಯವರು ಇಳಿಜಾರು ಯಾವ ಬದಿಗಿದೆ ಎಂದು ಕೊಳ್ಳುವಾಗಲೇ ನೋಡಿಕೊಳ್ಳಿ.

ಗಿಡದಿಂದ ಗಿಡಕ್ಕೆ ರೋಗ ದಾಟದಂತೆ ನಾನು ಅಲಗನ್ನು ಸ್ಪಿರಿಟ್‌ನಲ್ಲಿ ಒರೆಸುತ್ತೇನೆ. ಬ್ಲೀಚಿಂಗ್ ನೀರು ಬೇಡ, ಅದು ಸ್ಟೇನ್‌ಲೆಸ್ಸಿಗೂ ಗುಳಿ ಹಾಕುತ್ತದೆ. ಸಂಜೆ ತೊಳೆದು ಒಣಗಿಸಿ, ಅಲಗು ತಿರುಗುವ ಕೀಲಿಗೆ ಹೊಲಿಗೆ ಯಂತ್ರದ ಎಣ್ಣೆ ಒಂದು ಹನಿ ಬಿಡಿ. ಹಣ್ಣು ಕೊಯ್ಯುವ ಅಲಗಿಗೆ ತೆಂಗಿನ ಎಣ್ಣೆ ಸವರಬಹುದು. ಕೀಲಿಗೆ ಮಾತ್ರ ಅದನ್ನು ಹಾಕಬೇಡಿ, ಚಳಿಗಾಲದಲ್ಲಿ ಹೆಪ್ಪುಗಟ್ಟಿ ಚಾಕು ಬಿಚ್ಚುವುದೇ ಕಷ್ಟವಾಗುತ್ತದೆ.