ಊರು ಬಂದ್ ಆದರೂ ಕಿಮೋ ನಿಲ್ಲದಿರಲಿ

ದೇಶದ ಮೊದಲ ಕೊರೊನಾ ಸಾವು ವರದಿಯಾದದ್ದು ಕಲಬುರಗಿಯಲ್ಲಿ, 2020ರ ಮಾರ್ಚ್‌ನಲ್ಲಿ. ಆ ತಿಂಗಳ ಕೊನೆಗೆ ಬಸ್ಸುಗಳೂ ನಿಂತವು. ಚಿಂಚೋಳಿ, ಅಫಜಲಪುರದ ಹಳ್ಳಿಗಳಿಂದ ಕ್ಯಾನ್ಸರ್ ಚಿಕಿತ್ಸೆಗೆ ಬರುವ ಹೆಣ್ಣುಮಕ್ಕಳಿಗೆ ಮುಂದಿನ ತಾರೀಖು ಕೈತಪ್ಪಲು ಅಷ್ಟು ಸಾಕು. ಅಂಥ ಕಾಲ ಮತ್ತೆ ಬಂದರೆ ಮನೆಯವರು ಏನು ಮಾಡಬೇಕು?

ಮೊದಲು ಫೈಲು. ಬಯಾಪ್ಸಿ (ಗಡ್ಡೆಯ ತುಣುಕು ತೆಗೆದು ಮಾಡುವ ಪರೀಕ್ಷೆ) ವರದಿ, ಡಿಸ್ಚಾರ್ಜ್ ಚೀಟಿ, ಎಷ್ಟು ಕಿಮೋ (ಕ್ಯಾನ್ಸರಿಗೆ ಕೊಡುವ ಔಷಧ ಚಿಕಿತ್ಸೆ) ಆಗಿದೆ ಎಂಬ ಹಾಳೆ, ಆಧಾರ್, ರೇಷನ್ ಕಾರ್ಡ್ ಎಲ್ಲವನ್ನೂ ಒಂದೇ ಚೀಲದಲ್ಲಿಟ್ಟು ಫೋಟೊ ತೆಗೆದುಕೊಳ್ಳಿ. ಫೋಟೊ ಪುಣೆಗೆ ದುಡಿಯಲು ಹೋದ ಮಗನ ಮೊಬೈಲಿನಲ್ಲಿ ಮಾತ್ರ ಇದ್ದರೆ ಏನು ಬಂತು? ಮನೆಯಲ್ಲಿರುವ ಸೊಸೆಯ ಫೋನಿನಲ್ಲೂ ಇರಲಿ.

ಎರಡನೆಯದಾಗಿ, ಹೊರಡುವ ಮುನ್ನ ಆಸ್ಪತ್ರೆಗೆ ಫೋನ್ ಮಾಡಿ. ಚಿಕಿತ್ಸೆ ಮುಂದೂಡುವ ತೀರ್ಮಾನ ವೈದ್ಯರದು, ಮನೆಯ ಹಿರಿಯರದಲ್ಲ. ಚಿಕಿತ್ಸೆ ಮುಗಿದವರ ತಪಾಸಣೆ ತುಸು ತಡವಾದರೆ ಸಾಮಾನ್ಯವಾಗಿ ನಡೆದೀತು. ಗರ್ಭಕೊರಳಿನ ಕ್ಯಾನ್ಸರಿಗೆ ಕರೆಂಟ್, ಅಂದರೆ ವಿಕಿರಣ ಚಿಕಿತ್ಸೆ, ಕೊಡಿಸುತ್ತಿದ್ದರೆ ಹಾಗಲ್ಲ. ಒಳಗಿನಿಂದ ಕೊಡುವುದೂ ಸೇರಿ ಎಲ್ಲವೂ ಸುಮಾರು 8 ವಾರದೊಳಗೆ ಮುಗಿಯಬೇಕು. ನಡುವೆ ಬಿಟ್ಟರೆ ಗಡ್ಡೆ ಮತ್ತೆ ಚಿಗುರಬಹುದು. ಮುಗಿಯುವವರೆಗೆ ನಗರದಲ್ಲಿ ನೆಂಟರ ಮನೆಯಲ್ಲಿ ಉಳಿಯುವುದೇ ಲೇಸು. ಸ್ತನ ಕ್ಯಾನ್ಸರಿಗೆ ಟಮಾಕ್ಸಿಫೆನ್ ನುಂಗುವವರು ಎರಡು ಮೂರು ತಿಂಗಳ ಮಾತ್ರೆ ಒಟ್ಟಿಗೆ ಕೇಳಿ ತರಬೇಕು. ಬೆಂಗಳೂರಿನಲ್ಲೋ ಗಡಿಯಾಚೆ ಸೊಲ್ಲಾಪುರದಲ್ಲೋ ಶುರುವಾದ ಕಿಮೋವನ್ನು ಕಲಬುರಗಿಯ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಯ ಶಾಖಾ ಕೇಂದ್ರದಲ್ಲಿ ಮುಂದುವರಿಸಬಹುದೇ ಎಂದೂ ವಿಚಾರಿಸಿ.

ಪ್ರಯಾಣಕ್ಕೆ ತಾರೀಖು ಬರೆದ ಆಸ್ಪತ್ರೆಯ ಚೀಟಿ ಕೈಯಲ್ಲಿರಲಿ. 2020ರಲ್ಲಿ ರೈಲ್ವೆ ಹಿರಿಯ ನಾಗರಿಕರ ರಿಯಾಯಿತಿ ನಿಲ್ಲಿಸಿದರೂ ಕ್ಯಾನ್ಸರ್ ರೋಗಿಗಳದ್ದನ್ನು ಉಳಿಸಿತ್ತು.

ಇನ್ನು ಜ್ವರ. ಎಲ್ಲಕ್ಕಿಂತ ಹೆಚ್ಚು ಎಚ್ಚರ ಬೇಕಾದದ್ದು ಇಲ್ಲಿಯೇ. ಕಿಮೋ ಆದ 7ರಿಂದ 14 ದಿನಗಳ ನಡುವೆ ಬಿಳಿ ರಕ್ತಕಣಗಳು ತೀರಾ ಕಡಿಮೆಯಾಗುತ್ತವೆ. ಆಗ ಸಣ್ಣ ಸೋಂಕೂ ಪ್ರಾಣಕ್ಕೆ ಎರವಾಗಬಹುದು. 40 ಡಿಗ್ರಿ ದಾಟುವ ನಮ್ಮ ಏಪ್ರಿಲ್‌ನಲ್ಲಿ, ಒಲೆಯ ಮುಂದೆ ರೊಟ್ಟಿ ಬಡಿಯುವಾಕೆ 'ಬಿಸಿಲಿಗೆ ಮೈ ಕಾದಿದೆ' ಎಂದು ಸುಮ್ಮನಾಗುತ್ತಾಳೆ. ಕ್ವಾರಂಟೈನ್‌ಗೆ ಒಯ್ದಾರೆಂಬ ಅಂಜಿಕೆ ಬೇರೆ. ಹಣೆ ಮುಟ್ಟಿ ನೋಡಿದರೆ ಸಾಲದು. ನೆರಳಲ್ಲಿ ಸ್ವಲ್ಪ ಹೊತ್ತು ಕೂರಿಸಿ ಥರ್ಮಾಮೀಟರ್ ಇಡಿ. 100.4 ಫ್ಯಾರನ್‌ಹೀಟ್ ಮುಟ್ಟಿದರೆ ಬೆಳಗಾಗಲಿ ಎನ್ನದೆ 108ಕ್ಕೆ ಕರೆ ಮಾಡಿ. ವೈದ್ಯರನ್ನು ಕೇಳದೆ ಪ್ಯಾರಾಸಿಟಮಾಲ್ ಕೊಡಬೇಡಿ. ಜ್ವರ ಇಳಿದಂತೆ ಕಂಡರೂ ಒಳಗಿನ ಸೋಂಕು ಬೆಳೆಯುತ್ತಿರುತ್ತದೆ. ಆಸ್ಪತ್ರೆಯ ಬಾಗಿಲಲ್ಲಿ ಮೊದಲ ಮಾತೇ 'ಇಂಥ ದಿನ ಕಿಮೋ ಆಗಿದೆ' ಎಂದಿರಲಿ. ಇಲ್ಲದಿದ್ದರೆ ಕೊರೊನಾ ಸಾಲಿನಲ್ಲಿ ಕೂರಿಸಿ ಹೊತ್ತು ಕಳೆಯುತ್ತಾರೆ.

ಕೊರೊನಾ ಲಸಿಕೆಯನ್ನು ಯಾವಾಗ ಹಾಕಿಸಬೇಕೆಂದು ಆಕೆಯ ವೈದ್ಯರನ್ನು ಕೇಳಿ. ಮನೆಯ ಉಳಿದವರು ಕಾಯುವುದು ಬೇಡ. ಮಾತನಾಡಿಸಿಕೊಂಡು ಹೋಗಲು ಬಂದ ನೆಂಟರು ಕಟ್ಟೆಯ ಮೇಲೆಯೇ ಕೂತು ಮಾತನಾಡಲಿ, ಯಾರು ಏನೇ ಅಂದುಕೊಂಡರೂ.