ಗರ್ಭಿಣಿಯಾಗಿದ್ದಾಗ ಡಯಾಥರ್ಮಿ ರೂಮಿನಿಂದ ನಾನು ದೂರ ಉಳಿದದ್ದು ಹೇಗೆ

ಕಲಬುರಗಿಯಲ್ಲಿ ನಾನು ಫಿಜಿಯೋಥೆರಪಿಸ್ಟ್. ನಮ್ಮಲ್ಲಿಗೆ ಬರುವವರಲ್ಲಿ ಮೊಣಕಾಲು, ಸೊಂಟ ನೋವಿನವರೇ ಜಾಸ್ತಿ. ಆಳಂದ, ಅಫಜಲಪುರ, ಚಿತ್ತಾಪುರದ ಕಡೆಯಿಂದ ಬಸ್ಸಿಗೆ ಬರುತ್ತಾರೆ. ವರ್ಷಗಟ್ಟಲೆ ತೊಗರಿ ಹೊಲದಲ್ಲಿ ಬಗ್ಗಿ ದುಡಿದವರು. ಅವರಲ್ಲಿ ಎಷ್ಟೋ ಜನರಿಗೆ ಶಾರ್ಟ್‌ವೇವ್ ಡಯಾಥರ್ಮಿ ಕೊಡುತ್ತೇವೆ. ಅವರು ಅದನ್ನು ಕರೆಂಟ್ ಶಾಖ ಅನ್ನುತ್ತಾರೆ.

ಇದು 27.12 ಮೆಗಾಹರ್ಟ್ಜ್‌ನ ರೇಡಿಯೋ ಅಲೆ. ಎರಡು ಪ್ಯಾಡ್‌ಗಳ ನಡುವೆ ಮೊಣಕಾಲು ಇಟ್ಟರೆ ಕೀಲಿನ ಒಳಗೇ ಕಾವು ಹುಟ್ಟುತ್ತದೆ. ಗರ್ಭಿಣಿ ರೋಗಿಗೆ ಇದನ್ನು ಕೊಡಬಾರದು ಅಂತ ಕಾಲೇಜಿನಲ್ಲೇ ಕಲಿಸುತ್ತಾರೆ. ಮೆಷಿನ್ ಹಚ್ಚುವವಳೇ ಬಸುರಿಯಾದರೆ ಏನು ಮಾಡಬೇಕು ಅನ್ನುವುದನ್ನು ಮಾತ್ರ ಯಾರೂ ಅಷ್ಟು ಒತ್ತಿ ಹೇಳುವುದಿಲ್ಲ.

ಟೆಸ್ಟ್ ಪಾಸಿಟಿವ್ ಬಂದ ಮೇಲೆ ಕೂತು ಓದಿದೆ. ಈ ಅಲೆ ಎಕ್ಸ್‌ರೇ ಹಾಗಲ್ಲ, ಜೀವಕೋಶದ ಡಿಎನ್‌ಎ ಒಡೆಯುವಷ್ಟು ಶಕ್ತಿ ಅದಕ್ಕಿಲ್ಲ. ಅದರ ಮುಖ್ಯ ಪರಿಣಾಮ ಬಿಸಿ. 1993ರಲ್ಲಿ ಅಮೆರಿಕದ ಮಹಿಳಾ ಫಿಜಿಯೋಥೆರಪಿಸ್ಟ್‌ಗಳ ದೊಡ್ಡ ಅಧ್ಯಯನವೊಂದು ಪ್ರಕಟವಾಗಿತ್ತು. ಮೈಕ್ರೋವೇವ್ ಡಯಾಥರ್ಮಿ, ಅಂದರೆ ಇನ್ನೂ ಹೆಚ್ಚು ಆವರ್ತನದ ಅಲೆಯಿಂದ ಶಾಖ ಕೊಡುವ ಬೇರೆ ಮೆಷಿನ್, ಬಳಸಿದವರಲ್ಲಿ ಗರ್ಭಪಾತ ಸ್ವಲ್ಪ ಹೆಚ್ಚು ಕಂಡಿತ್ತು. ಶಾರ್ಟ್‌ವೇವ್ ಬಳಸಿದವರಲ್ಲಿ ಹಾಗೆ ಕಾಣಲಿಲ್ಲ. 1991ರ ಡೆನ್ಮಾರ್ಕ್ ಅಧ್ಯಯನದಲ್ಲಿ ಶಾರ್ಟ್‌ವೇವ್ ಹತ್ತಿರ ಹೆಚ್ಚು ಕೆಲಸ ಮಾಡಿದವರಿಗೆ ಗಂಡುಮಕ್ಕಳು ಕಡಿಮೆ ಹುಟ್ಟಿದ್ದರು. ಮೂರು ವರ್ಷದ ನಂತರ ಸ್ವಿಟ್ಜರ್ಲೆಂಡಿನವರು ಅದನ್ನೇ ಹುಡುಕಿದರೆ ಅಂಥ ವ್ಯತ್ಯಾಸ ಸಿಗಲಿಲ್ಲ. ಗಂಡೋ ಹೆಣ್ಣೋ ಅನ್ನುವ ಪ್ರಶ್ನೆ ನಮ್ಮ ಕಡೆ ಎಷ್ಟು ಹೆಂಗಸರ ಜೀವ ಹಿಂಡಿದೆ ಅನ್ನುವುದು ಗೊತ್ತಿರುವುದರಿಂದ ಇದನ್ನು ಬರೆಯುತ್ತಿದ್ದೇನೆ. ಮೆಷಿನ್ನಿನಿಂದ ಹೆಣ್ಣು ಹುಟ್ಟಿತು ಅಂತ ದಯವಿಟ್ಟು ಯಾರಿಗೂ ಹೇಳಬೇಡಿ.

ಮನೆಯಲ್ಲಿ ಎಲ್ಲರ ಕಣ್ಣು ಮೊಬೈಲ್ ಮತ್ತು ಕಂಪ್ಯೂಟರ್ ಮೇಲಿತ್ತು. ಕಂಪ್ಯೂಟರ್ ವಿಷಯ ನನಗೆ ಸಮಾಧಾನವಿತ್ತು. ಅಮೆರಿಕದ ಟೆಲಿಫೋನ್ ಆಪರೇಟರ್‌ಗಳ ಮೇಲೆ ನಡೆದ, 1991ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಸ್ಕ್ರೀನ್ ಮುಂದೆ ಕೂತವರಿಗೆ ಗರ್ಭಪಾತ ಹೆಚ್ಚೇನೂ ಆಗಿರಲಿಲ್ಲ. ಡಯಾಥರ್ಮಿ ಪ್ಯಾಡಿನ ಪಕ್ಕ ನಿಲ್ಲುವುದು ಬೇರೆ ಮಾತು. ಅಲ್ಲಿ ಕ್ಷೇತ್ರದ, ಅಂದರೆ ಮೆಷಿನ್ ಸುತ್ತ ಹರಡುವ ವಿದ್ಯುತ್-ಕಾಂತ ಪ್ರಭಾವದ, ಬಲ ತುಂಬಾ ಜಾಸ್ತಿ.

ಕಷ್ಟವಾಗಿದ್ದು ಹೇಳುವುದು. ಮೂರು ತಿಂಗಳು ತುಂಬುವ ತನಕ ಹೊರಗೆ ಬಾಯಿ ಬಿಡಬಾರದು ಅನ್ನುವುದು ನಮ್ಮ ಮನೆಯ ರೂಢಿ. "ಈಗೇ ಯಾಕವ್ವಾ, ದೃಷ್ಟಿ ಆಗ್ತದ" ಅಂದರು ಅತ್ತೆ. ಮಗುವಿನ ಮೆದುಳು, ಬೆನ್ನುಹುರಿ ಆಗುವ ನರಕೊಳವೆ ಗರ್ಭ ನಿಂತ ನಾಲ್ಕನೇ ವಾರದ ಹೊತ್ತಿಗೇ ಮುಚ್ಚಿಕೊಳ್ಳುತ್ತದೆ. ತಾಯಿಯ ಮೈ ಬಿಸಿ ವಿಪರೀತ ಏರಿದರೆ ತೊಂದರೆ ಆಗಬಹುದಾದ ಕಾಲವೂ ಅದೇ. ಮೂರು ತಿಂಗಳು ಕಾದು ಹೇಳಿದರೆ ಹೇಳಿದ್ದಕ್ಕೆ ಅರ್ಥ ಏನು, ಅಲ್ವಾ? ಅತ್ತೆಗೆ ಇದನ್ನು ಬಿಡಿಸಿ ಹೇಳಿದೆ. ಅವರೇ ಕಡೆಗೆ, "ಹಂಗಾದ್ರ ನಿಮ್ಮ ಸಾಹೇಬ್ರಿಗಷ್ಟೇ ಹೇಳು" ಅಂದರು.

ಹಾಗೇ ಮಾಡಿದೆ. ಇನ್‌ಚಾರ್ಜ್ ಸರ್ ಹತ್ತಿರ ಹೋಗಿ, "ಸರ್, ಇನ್ನು ನನಗ ಡಯಾಥರ್ಮಿ ಡ್ಯೂಟಿ ಬ್ಯಾಡ್ರಿ, ಬದ್ಲಿ ಬೇರೆ ಏನು ಕೊಟ್ರೂ ಮಾಡ್ತೀನಿ" ಅಂದೆ. ಬರೀ ಬೇಡ ಅನ್ನದೆ, ಯಾರು ಏನು ಮಾಡಬಹುದು ಅಂತ ಬರೆದುಕೊಂಡೇ ಹೋಗಿದ್ದೆ. ವ್ಯಾಯಾಮ, ವ್ಯಾಕ್ಸ್ ಬಾತ್ (ಕರಗಿಸಿದ ಮೇಣದ ಶಾಖ), ಅಲ್ಟ್ರಾಸೌಂಡ್ ಚಿಕಿತ್ಸೆ ನನಗೆ. ಅಲ್ಟ್ರಾಸೌಂಡ್ ಅಂದರೆ ಶಬ್ದದ ಅಲೆ, ಅದು ಬೇರೆ. ಡಯಾಥರ್ಮಿ ಸಹೋದ್ಯೋಗಿಗೆ. ಸರ್ ಒಪ್ಪಿದರು.

ಡ್ಯೂಟಿ ಬದಲಾದರೆ ಮುಗಿಯಿತು ಅನ್ನುವ ಹಾಗಿರಲಿಲ್ಲ. ನನ್ನ ಟೇಬಲ್ ಡಯಾಥರ್ಮಿ ಕ್ಯಾಬಿನ್ನಿನ ಪ್ಲೈವುಡ್ ಗೋಡೆಗೆ ಅಂಟಿಕೊಂಡಿತ್ತು. ಪ್ಲೈವುಡ್ಡಾಗಲಿ ಪರದೆಯಾಗಲಿ ಈ ಅಲೆಯನ್ನು ತಡೆಯುವುದಿಲ್ಲ. ಹೀಗಾಗಿ ಟೇಬಲ್ಲನ್ನು ಹಾಲ್‌ನ ಆ ತುದಿಗೆ ಸರಿಸಿದೆವು. ಪ್ಯಾಡಿನಷ್ಟೇ ಕೇಬಲ್ಲಿನಿಂದಲೂ ಅಲೆ ಹೊರಗೆ ಸೋರುತ್ತದೆ ಅನ್ನುವುದು ನಮ್ಮಲ್ಲಿ ಕೆಲವರಿಗೆ ಗೊತ್ತೇ ಇರಲಿಲ್ಲ. ಸಹೋದ್ಯೋಗಿ ಚಿಕ್ಕ ನಿಯಾನ್ ಬಲ್ಬನ್ನು ಕೇಬಲ್ ಹತ್ತಿರ ಹಿಡಿದಾಗ ವೈರ್ ಇಲ್ಲದೆಯೇ ಹೊತ್ತಿಕೊಂಡಿತು. ದೂರ ಸರಿಸಿದ ಹಾಗೆ ಆರಿತು. ಬಲ್ಬ್ ಆರಿದ ಜಾಗ ಸುರಕ್ಷಿತ ಅಂತ ಇದರ ಅರ್ಥ ಅಲ್ಲ. ಆದರೆ ಅಂತರ ಹೆಚ್ಚಿದಂತೆ ಬಲ ಎಷ್ಟು ಬೇಗ ಇಳಿಯುತ್ತದೆ ಅನ್ನುವುದು ಎಲ್ಲರ ಕಣ್ಣಿಗೂ ಬಿತ್ತು. ಅವತ್ತಿನಿಂದ ಮೆಷಿನ್ ಓಡುವಾಗ ಯಾರೂ ಅದಕ್ಕೆ ಒರಗಿ ನಿಲ್ಲಲಿಲ್ಲ. ಹಚ್ಚಿ, ಟ್ಯೂನ್ ಮಾಡಿ, ಹಿಂದೆ ಸರಿಯುವುದು. ರೋಗಿಯ ಕೈಗೆ ಸ್ವಿಚ್ ಕೊಟ್ಟು, "ಬೆಚ್ಚಗ ಹಿತ ಅನಸ್ಬೇಕು, ಸುಡ್ಲಕತ್ತಿದ್ರ ಒತ್ರಿ" ಅಂತ ಹೇಳುವುದು. ಕಬ್ಬಿಣದ ಮಂಚ ತೆಗೆದು ಕಟ್ಟಿಗೆಯದು ಹಾಕಿಸಿದರು. ಲೋಹ ಹತ್ತಿರವಿದ್ದರೆ ಕ್ಷೇತ್ರ ಅಡ್ಡಾದಿಡ್ಡಿ ಹರಡುತ್ತದೆ, ರೋಗಿಗೆ ಸುಡುವ ಅಪಾಯವೂ ಇದೆ.

ಕಾನೂನು ಇಲ್ಲಿ ಹೆಚ್ಚು ನೆರವಾಗಲಿಲ್ಲ. ಆಗ ಜಾರಿಯಲ್ಲಿದ್ದ 1961ರ ಹೆರಿಗೆ ಸೌಲಭ್ಯ ಕಾಯ್ದೆಯಲ್ಲಿ, ಕೇಳಿಕೊಂಡರೆ ಭಾರದ ಕೆಲಸ ಕೊಡಬಾರದು ಅಂತ ಇತ್ತು. ಆದರೆ ಅದು ಹೆರಿಗೆ ಹತ್ತಿರ ಬಂದ ವಾರಗಳಿಗೆ. ಮೊದಲ ತಿಂಗಳುಗಳಿಗೆ ನಾವೇ ಬಾಯಿ ಬಿಡಬೇಕಾಯಿತು.

ಹೆರಿಗೆ ಸುಸೂತ್ರವಾಯಿತು, ಮಗುವಿನ ತೂಕ ಎರಡೂವರೆ ಕೆಜಿಗಿಂತ ಚೆನ್ನಾಗಿ ಮೇಲಿತ್ತು. ಪ್ಯಾಡಿನ ಪಕ್ಕ ನಿಂತಿದ್ದರೂ ಹಾಗೇ ಆಗುತ್ತಿತ್ತೇನೋ. ಒಂದು ಮಗುವಿನಿಂದ ಏನನ್ನೂ ತೀರ್ಮಾನಿಸಲಾಗದು. ದೂರ ನಿಲ್ಲುವುದಕ್ಕೆ ಖರ್ಚಿಲ್ಲ, ಅದಕ್ಕೇ ನಿಂತೆ. ರಜೆ ಮುಗಿಸಿ ಬಂದಾಗ ಕ್ಯಾಬಿನ್ನಿನ ನೆಲದ ಮೇಲೆ ಹಳದಿ ಟೇಪ್ ಅಂಟಿಸಿದ್ದರು. ಮೆಷಿನ್ ಓಡುವಾಗ ಸಿಬ್ಬಂದಿ ಅದರಾಚೆ. ಸೊಂಟ ನೋವು ಅಂತ ಬರುವ ಹೆಣ್ಣುಮಕ್ಕಳನ್ನು ಪ್ಯಾಡ್ ಇಡುವ ಮೊದಲು ಪಕ್ಕಕ್ಕೆ ಕರೆದು ಮೆಲ್ಲಗೆ ಕೇಳುತ್ತೇನೆ: "ಮುಟ್ಟಾಗಿ ಎಷ್ಟು ದಿನ ಆಗ್ಯಾದವ್ವಾ?" ಅತ್ತೆ ಎದುರಿಗೆ ಕೇಳಿದರೆ ಎಷ್ಟೋ ಜನ ಉತ್ತರ ಕೊಡುವುದಿಲ್ಲ.