‘ಕಾಣ್ತಿಲ್ಲ’ ಎಂದು ಹೇಳಿಬಿಡಬೇಕು: ಪಾಲೊ ಆಲ್ಟೊದಲ್ಲಿ ಸಣ್ಣ ವಿಮಾನ ಹಾರಿಸುವ ನನ್ನ ಅನುಭವ

ನಾನು ಸೆಸ್ನಾ 172 ಎಂಬ ಸಣ್ಣ ವಿಮಾನ ಹಾರಿಸುವುದು ಕ್ಯಾಲಿಫೋರ್ನಿಯಾದ ಪಾಲೊ ಆಲ್ಟೊ ನಿಲ್ದಾಣದಿಂದ. ಇರುವುದು ಒಂದೇ ರನ್‌ವೇ. ಆದರೆ ಸುತ್ತ ಯಾರ್‍ಯಾರಿದ್ದಾರೆ ನೋಡಿ: ವಾಯವ್ಯಕ್ಕೆ ಸ್ಯಾನ್ ಕಾರ್ಲೋಸ್, ಅದರಾಚೆ ಸ್ಯಾನ್ ಫ್ರಾನ್ಸಿಸ್ಕೊ. ಆಗ್ನೇಯಕ್ಕೆ ಮಾಫೆಟ್ ಫೀಲ್ಡ್, ಅದರಾಚೆ ಸ್ಯಾನ್ ಹೋಸೆ. ಕೊಲ್ಲಿಯ ಆ ದಡದಲ್ಲಿ ಹೇವರ್ಡ್, ಓಕ್‌ಲೆಂಡ್. ದೊಡ್ಡ ವಿಮಾನಗಳು ತಲೆ ಮೇಲೆ ಇಳಿಯುತ್ತಾ ಹೋಗುತ್ತವೆ. ಕೆಳಗೆ ಉಳಿದ ಜಾಗದಲ್ಲಿ ನಮ್ಮಂಥ ಸಣ್ಣವರೆಲ್ಲ ಹಂಚಿಕೊಂಡು ಹಾರಬೇಕು.

ಹಗಲು ಹೊತ್ತು, ಹವೆ ಚೆನ್ನಾಗಿದ್ದಾಗ ಇಲ್ಲಿನ ನಿಯಮ ಸರಳ: ಕಣ್ಣಿಟ್ಟು ನೋಡು, ಕಂಡದ್ದನ್ನು ತಪ್ಪಿಸು. ಹೇಳುವಷ್ಟು ಸುಲಭ ಅಲ್ಲ ಅದು. ತಲಾ 100 ನಾಟ್ (ಗಂಟೆಗೆ ಸುಮಾರು 185 ಕಿಲೋಮೀಟರ್) ವೇಗದ ಎರಡು ಸೆಸ್ನಾಗಳು ಎದುರುಬದುರಾದರೆ ಮೂರು ನಾಟಿಕಲ್ ಮೈಲಿ (ಸುಮಾರು 5.5 ಕಿಲೋಮೀಟರ್) ಕರಗಲು ಒಂದು ನಿಮಿಷವೂ ಬೇಡ. ಎದುರಿನ ವಿಮಾನವನ್ನು ಗುರುತಿಸಿ, ಅಪಾಯ ಅರ್ಥವಾಗಿ, ಕೈ ಆಡಿ, ನಮ್ಮ ವಿಮಾನ ತಿರುಗುವ ಹೊತ್ತಿಗೆ 12.5 ಸೆಕೆಂಡ್ ಬೇಕು ಎನ್ನುತ್ತದೆ ಅಮೆರಿಕದ ವಿಮಾನಯಾನ ನಿಯಂತ್ರಣ ಸಂಸ್ಥೆ ಎಫ್‌ಎಎ. ಅಷ್ಟರಲ್ಲಿ ನಡುವಿನ ಅಂತರ ಸುಮಾರು 1.3 ಕಿಲೋಮೀಟರ್ ಕಡಿಮೆಯಾಗಿರುತ್ತದೆ. ಆ ದೂರದಲ್ಲಿ ನೇರ ಎದುರಿನ ಸೆಸ್ನಾ ಎಂದರೆ ಒಂದು ತೆಳು ಗೆರೆ, ಅಷ್ಟೇ.

ಇನ್ನೂ ಕೆಟ್ಟ ವಿಷಯವೆಂದರೆ, ನಿಜವಾಗಿ ಡಿಕ್ಕಿಯಾಗಲಿರುವ ವಿಮಾನ ಗಾಜಿನ ಮೇಲೆ ಅಲುಗಾಡುವುದೇ ಇಲ್ಲ. ಪಕ್ಕಕ್ಕೆ ಸರಿಯುತ್ತಿರುವುದು ತಟ್ಟನೆ ಕಣ್ಣಿಗೆ ಬೀಳುತ್ತದೆ, ಅದರಿಂದ ಅಷ್ಟು ಭಯವಿಲ್ಲ. ಒಂದೇ ಕಡೆ ನಿಂತಂತಿದ್ದು ನಿಧಾನಕ್ಕೆ ದೊಡ್ಡದಾಗುವ ಚುಕ್ಕೆಯೇ ಯಮ. ಹಾಗಾಗಿ ನಾನು ಸುಮ್ನೆ ಕಣ್ಣು ಹಾಯಿಸುತ್ತಾ ಹೋಗುವುದಿಲ್ಲ. ಆಕಾಶವನ್ನು ಸುಮಾರು 10 ಡಿಗ್ರಿಯ ತುಂಡುಗಳಾಗಿ ಮಾಡಿಕೊಂಡು, ಪ್ರತಿ ತುಂಡಿನಲ್ಲೂ ಒಂದು ಸೆಕೆಂಡಾದರೂ ದೃಷ್ಟಿ ನಿಲ್ಲಿಸಿ ಮುಂದೆ ಹೋಗುತ್ತೇನೆ. ಖಾಲಿ ನೀಲಿ ಆಕಾಶದಲ್ಲಿ ಕಣ್ಣು ತಾನಾಗಿ ಹತ್ತಿರಕ್ಕೆ ಫೋಕಸ್ ಆಗಿಬಿಡುತ್ತದೆ. ಅದಕ್ಕೆ ಆಗಾಗ ದೂರದ ಬೆಟ್ಟವನ್ನೋ ಸೇತುವೆಯನ್ನೋ ನೋಡಿ ಸರಿಮಾಡಿಕೊಳ್ಳುತ್ತೇನೆ.

ಪಕ್ಕದ ಸೀಟಿನವರಿಗೂ ಕೆಲಸ ಕೊಡುತ್ತೇನೆ. ದಾವಣಗೆರೆಯಿಂದ ಬಂದಿದ್ದ ಅಕ್ಕನ ಮಗನಿಗೆ, ಮೂಗಿನ ನೇರ 12 ಗಂಟೆ, ಬಲಗೈ ಕಡೆ 3 ಗಂಟೆ ಎಂದು ಮೊದಲೇ ಹೇಳಿಕೊಟ್ಟಿದ್ದೆ. "ನಾನು ರೇಡಿಯೋದಲ್ಲಿ ಮಾತಾಡ್ತಿದ್ರೂ ಪರವಾಗಿಲ್ಲ, ವಿಮಾನ ಕಂಡ್ರೆ ಭುಜ ತಟ್ಟು" ಎಂದಿದ್ದೆ. "ಮಾಮ, ಎರಡು ಗಂಟೆ, ಕೆಳಗಡೆ!" ಎಂದು ಅವನು ತೋರಿಸಿದ ವಿಮಾನ ನನಗೆ ಇನ್ನೂ ಕಂಡಿರಲಿಲ್ಲ.

ಆದರೆ ಕಣ್ಣಿಗಿಂತ ಮುಖ್ಯವಾದದ್ದು ಬಾಯಿ ಎಂದು ನನಗೆ ಮನವರಿಕೆಯಾಗಿದೆ. ಒಂದು ಸಂಜೆ ಲಿವರ್‌ಮೋರ್ ಕಡೆಯಿಂದ ವಾಪಸ್ ಬರುತ್ತಿದ್ದೆ. ಡಂಬಾರ್ಟನ್ ಸೇತುವೆ ಹತ್ತಿರ, ಸೂರ್ಯ ಸರಿಯಾಗಿ ಮುಖಕ್ಕೆ. ಇಳಿಯಲು ನೀನು ಎರಡನೆಯವನು, ಮುಂದಿರುವ ಚೆರೋಕಿಯ (ಅದೂ ಒಂದು ಸಣ್ಣ ವಿಮಾನ) ಹಿಂದೆ ಬಾ ಎಂದಿತು ಟವರ್, ಅಂದರೆ ನಿಲ್ದಾಣದ ಕಂಟ್ರೋಲರ್ ಕೂರುವ ಗೋಪುರ. ಸುತ್ತಲಿನ ವಿಮಾನಗಳನ್ನು ತೋರಿಸುವ ನನ್ನ ಐಪ್ಯಾಡ್‌ನಲ್ಲಿ ಚೆರೋಕಿ ಸ್ಪಷ್ಟವಾಗಿತ್ತು: ಎರಡು ಮೈಲಿ ಮುಂದೆ, ಪಕ್ಕದಲ್ಲಿ ‘-02’, ಅಂದರೆ ನನಗಿಂತ 200 ಅಡಿ ಕೆಳಗೆ. ಹೊರಗೆ ನೋಡಿದರೆ ಬರೀ ಬೆಳಕು. "ನೆಗೆಟಿವ್ ಕಾಂಟ್ಯಾಕ್ಟ್" ಎಂದೆ, ಅಂದರೆ ಕಾಣ್ತಿಲ್ಲ. ಪರದೆಯಲ್ಲಿ ಕಂಡದ್ದು ಕಂಡಂತಲ್ಲ. ಅಲ್ಲಿನ ಚಿತ್ರ ಕೆಲವು ಸೆಕೆಂಡ್ ಹಳೆಯದಿರಬಹುದು, ಎಲ್ಲ ವಿಮಾನವೂ ಅದರಲ್ಲಿ ಇರಬೇಕೆಂದೂ ಇಲ್ಲ. ಎಲ್ಲಿ ನೋಡಬೇಕೆಂದು ತಿಳಿಯಲಷ್ಟೇ ನನಗೆ ಐಪ್ಯಾಡ್. ಟವರ್ ತಕ್ಷಣ, ಡೌನ್‌ವಿಂಡ್‌ನಲ್ಲಿ (ಇಳಿಯುವ ದಿಕ್ಕಿಗೆ ವಿರುದ್ಧವಾಗಿ, ರನ್‌ವೇ ಪಕ್ಕದ ದಾರಿಯಲ್ಲಿ) ನೇರ ಹೋಗುತ್ತಿರು, ಯಾವಾಗ ತಿರುಗಬೇಕೆಂದು ನಾನೇ ಹೇಳುತ್ತೇನೆ ಎಂದಿತು. ರನ್‌ವೇಗೆ ಸಮಾನಾಂತರವಾಗಿ ಮಾಫೆಟ್ ಕಡೆಗೆ ಹೊರಳಿದ ಮೇಲೆ ಸೂರ್ಯ ಬೆನ್ನಿಗೆ ಬಂತು. ಬಲಗಡೆ, ಕಂದು ಬಣ್ಣದ ಜವುಗಿನ ಮೇಲೆ ಎರಡು ಬಿಳಿ ರೆಕ್ಕೆ. ಆಗ "ಟ್ರಾಫಿಕ್ ಇನ್ ಸೈಟ್" ಎಂದೆ, ಅಂದರೆ ವಿಮಾನ ಕಂಡಿತು.

ಆ ಮೂರು ಇಂಗ್ಲಿಷ್ ಪದ ಹೇಳಿದ ಕ್ಷಣದಿಂದ ಆ ವಿಮಾನವನ್ನು ತಪ್ಪಿಸುವ ಹೊಣೆ ನಮ್ಮ ಮೇಲೆ ಬೀಳುತ್ತದೆ. 1978ರ ಸೆಪ್ಟೆಂಬರ್ 25ರಂದು ಸ್ಯಾನ್ ಡಿಯಾಗೊದಲ್ಲಿ ಪಿಎಸ್‌ಎ ಕಂಪನಿಯ ಬೋಯಿಂಗ್ 727ರ ಪೈಲಟ್‌ಗಳು ಮುಂದಿನ ಸೆಸ್ನಾ ಕಂಡಿತು ಎಂದಿದ್ದರು. ಆಮೇಲೆ ಅದು ಕಣ್ತಪ್ಪಿತು. ಕಾಣುತ್ತಿಲ್ಲ ಎಂಬ ಮಾತು ಟವರಿಗೆ ಸ್ಪಷ್ಟವಾಗಿ ಮುಟ್ಟಲಿಲ್ಲ. ಎರಡೂ ಡಿಕ್ಕಿಯಾಗಿ 144 ಜನ ಸತ್ತರು. 2025ರ ಜನವರಿ 29ರ ರಾತ್ರಿ ವಾಷಿಂಗ್ಟನ್‌ನಲ್ಲೂ ಹೆಲಿಕಾಪ್ಟರಿನವರು ವಿಮಾನ ಕಂಡಿದೆ, ನಾವೇ ನೋಡಿಕೊಂಡು ಹೋಗುತ್ತೇವೆ ಎಂದಿದ್ದರು. ಅಲ್ಲೂ ಡಿಕ್ಕಿಯಾಗಿ 67 ಜನ ಹೋದರು. ದೊಡ್ಡ ವಿಮಾನಗಳಲ್ಲಿ ಡಿಕ್ಕಿಯ ಅಪಾಯವನ್ನು ಎಚ್ಚರಿಸುವ ಟೀಕ್ಯಾಸ್ ಎಂಬ ಯಂತ್ರ ಇರುತ್ತದಲ್ಲ ಎಂದು ಗೆಳೆಯರು ಕೇಳುತ್ತಾರೆ. ಇದೆ. 1986ರಲ್ಲಿ ಲಾಸ್ ಏಂಜಲೀಸ್ ಪಕ್ಕದ ಸೆರಿಟೋಸ್‌ನಲ್ಲಿ ಇಂಥದೇ ಡಿಕ್ಕಿಯಲ್ಲಿ 82 ಜನರನ್ನು ಕಳೆದುಕೊಂಡ ನಂತರ ಇಲ್ಲಿ ಅದು ಕಡ್ಡಾಯವಾಯಿತು. ನಮ್ಮ ದೇಶದಲ್ಲಿ ಕಡ್ಡಾಯವಾಗಲು ಹರಿಯಾಣದ ಚರ್ಖಿ ದಾದ್ರಿಯಲ್ಲಿ ಎರಡು ವಿಮಾನ ಡಿಕ್ಕಿಯಾಗಿ ಆದ 349 ಸಾವು ಬೇಕಾಯಿತು. ಆದರೆ ನೆಲದಿಂದ ಸುಮಾರು 1,000 ಅಡಿಗಿಂತ ಕೆಳಗೆ ಟೀಕ್ಯಾಸ್ ಏರು, ಇಳಿ ಎಂಬ ಆದೇಶ ಕೊಡುವುದಿಲ್ಲ. ನಿಲ್ದಾಣದ ಪಕ್ಕದಲ್ಲಿ ಅದನ್ನು ನಂಬಿ ಕೂರುವಂತಿಲ್ಲ.

ಹಾಗಾಗಿ ಟವರ್ ತೋರಿಸಿದ ವಿಮಾನ ಕಾಣದಿದ್ದರೆ ಒಡನೆ ಹೇಳುತ್ತೇನೆ. ಕಂಡು ಮತ್ತೆ ಮರೆಯಾದರೆ ಅದನ್ನೂ ಹೇಳುತ್ತೇನೆ. ಹುಡುಕುತ್ತಾ ಕೂರುವುದಕ್ಕಿಂತ ಎತ್ತರ ಬದಲಿಸುವುದೋ ತಿರುಗುವುದೋ ಒಳ್ಳೆಯದು. ಕಂಟ್ರೋಲರ್‌ಗೆ ತೊಂದರೆ ಕೊಟ್ಟಂತಾಯಿತೇ ಎಂದು ಹೊಸಬರು ಹಿಂಜರಿಯುತ್ತಾರೆ. ಹಾಗೇನಿಲ್ಲ, ಅವರಿಗೆ ಬೇಕಿರುವುದೇ ಆ ಮಾಹಿತಿ.

ಟವರ್ ಇಲ್ಲದ ಕಡೆ ಕಥೆಯೇ ಬೇರೆ. 2022ರಲ್ಲಿ ವಾಟ್ಸನ್‌ವಿಲ್‌ನಲ್ಲಿ ಡಿಕ್ಕಿಯಾದ ಎರಡೂ ವಿಮಾನಗಳು ರೇಡಿಯೋದಲ್ಲಿ ಮಾತಾಡುತ್ತಲೇ ಇದ್ದವು. ಒಂದು ನಿಧಾನದ ಸೆಸ್ನಾ 152, ಇನ್ನೊಂದು ಹಿಂದಿನಿಂದ ನೇರವಾಗಿ, ತುಂಬಾ ವೇಗದಲ್ಲಿ ಬಂದ ಸೆಸ್ನಾ 340. ಮೂವರು ಹೋದರು. ನಾನು ಹಾಫ್ ಮೂನ್ ಬೇಗೆ ಹೋಗುವಾಗ 10 ಮೈಲಿ ಇರುವಾಗಲೇ ದೀಪ ಹಾಕಿ, ಎಲ್ಲಿದ್ದೇನೆಂದು ಹೇಳುತ್ತೇನೆ. ರೇಡಿಯೋ ಕೇಳಿದರೂ ಯಾರು ಎಲ್ಲಿದ್ದಾರೆ ಎಂಬುದು ಗೊತ್ತಾಗದಿದ್ದರೆ ಇಳಿಯಲು ಸುತ್ತುತ್ತಿರುವ ವಿಮಾನಗಳ ಸಾಲಿಗೆ ಸೇರುವುದೇ ಇಲ್ಲ. ದೂರ ಹೋಗಿ, ಗದ್ದಲ ತಗ್ಗಿದ ಮೇಲೆ ಮತ್ತೆ ಬರುತ್ತೇನೆ.